ಆನೆ ಇಲ್ಲ ಎಂದ ಪೆಟ್ಟಿಗೆ

ಸಲಗ ನನ್ನೆದುರಿಗೇ ನಿಂತಿತ್ತು. ಬೆಳಗಿನ ಮಂಜಿನಲ್ಲಿ ಅದರ ಕೊಂಬು ಮೊದಲು ಕಂಡಿತು. ಆಮೇಲೆ ಆನೆ.

ನನ್ನ ಬೆನ್ನಿಗೆ ಕಬ್ಬಿಣದ ಕಂಬ. ಕಂಬದ ತುದಿಯಲ್ಲಿ ಕ್ಯಾಮೆರಾ ಪೆಟ್ಟಿಗೆ. ಆನೆ ಕಂಡ ಕೂಡಲೇ ಊರಿಗೆಲ್ಲ ಕೇಳುವಂತೆ ಅದು ಸೈರನ್ ಕೂಗಬೇಕು. ಅದಕ್ಕೇ ಅದನ್ನು ನೆಟ್ಟಿದ್ದು.

ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು. ಕ್ಯಾಮೆರಾದ ಕಣ್ಣು ಆನೆಯ ಕಡೆಗೇ ಇತ್ತು.

ಸೈರನ್ ಕೂಗಲಿಲ್ಲ.

ಸಲಗ ಕಿವಿ ಅಗಲಿಸಿತು...

"ಓಡ್ಬ್ಯಾಡ ಅಕ್ಕ. ಮೋರಿಗೆ ಬೀಳು."

ರಸ್ತೆಯ ಕೆಳಗಿನ ಮೋರಿಯಿಂದ ಒಂದು ಕೈ ಬಂದು ನನ್ನ ಕಾಲು ಹಿಡಿದು ಎಳೆಯಿತು. ಮೊಣಕೈ ತರಚಿಕೊಂಡು ಒಳಗೆ ಬಿದ್ದೆ. ಸೊಂಡಿಲು ಮೋರಿಯ ಬಾಯಿಗೆ ಬಂತು. ಮೂಸಿತು. ಆ ಬಿಸಿ ಉಸಿರು ನನ್ನ ಕೆನ್ನೆಗೆ ತಾಗಿತು. ಬೇಡವೆನ್ನಿಸಿತೇನೋ, ಹೊರಟುಹೋಯಿತು.

ನಾನು ಗಿರಿಜಾಂಬ. ಸೋಲೂರಿನವಳು. ಮೊದಲು ಪೊಲೀಸ್ ಇಲಾಖೆಯಲ್ಲಿದ್ದೆ. ಈಗ ರಾಮನಗರದಲ್ಲಿ ರೂಮು ಮಾಡಿಕೊಂಡು, ತಪ್ಪಿಸಿಕೊಂಡು ಓಡಾಡುವ, ಕಂಪನಿಗಳಿಗೆ ಬೇಕಾದವರನ್ನು ಹುಡುಕಿಕೊಡುತ್ತೇನೆ. ಯಾಕೆ ಬೇಕು ಎಂದು ಕೇಳುವುದಿಲ್ಲ. ಕೇಳುತ್ತಿರಲಿಲ್ಲ ಅನ್ನಿ...

ಈ ಪೆಟ್ಟಿಗೆ 'ಗಜಗಾವಲು' ಕಂಪನಿಯದು. ಮಾಲೀಕ ಪ್ರಕಾಶ್. ಕಬ್ಬಾಳಿನ ಹತ್ತಿರದ ಈ ಕಂಬದ ಕೆಳಗೇ, ಹಿಂದಿನ ವಾರ, ಕುರಿ ಹೊಡೆದುಕೊಂಡು ಹೊರಟಿದ್ದ ಚನ್ನಯ್ಯ ಎಂಬವನನ್ನು ಆನೆ ತುಳಿದು ಕೊಂದಿತ್ತು. ಚನ್ನಯ್ಯನ ತಮ್ಮ ಚಿಕ್ಕರಾಜು ಪೆಟ್ಟಿಗೆಯ ವೈರು ಕಿತ್ತಿದ್ದ, ಅದಕ್ಕೇ ಸೈರನ್ ಕೂಗಲಿಲ್ಲ ಎಂದು ಪ್ರಕಾಶ್ ಕಂಪ್ಲೇಂಟ್ ಕೊಟ್ಟಿದ್ದ. ಚಿಕ್ಕರಾಜು ತಲೆಮರೆಸಿಕೊಂಡಿದ್ದ. ಅವನನ್ನು ಹಿಡಿದುಕೊಡುವುದು ನನ್ನ ಕೆಲಸ.

ಸಿಕ್ಕಿದ್ದ. ನನ್ನ ಕಾಲು ಹಿಡಿದು ಎಳೆದವನು ಅವನೇ.

"ವೈರು ಯಾಕೋ ಕಿತ್ತೆ?"

"ನಾನ್ಯಾಕಕ್ಕ ಕೀಳ್ಲಿ? ಅವತ್ತೂ ಹಿಂಗೇ ದೀಪ ಉರೀತಿತ್ತು. ನಮ್ಮಣ್ಣ ಆ ದೀಪ ನೋಡ್ಕೊಂಡೇ ಕುರಿ ಹೊಡ್ಕೊಂಡೋಗಿದ್ದು. ಪೆಟ್ಗೆ ಸುಮ್ಕೈತೆ, ಆನೆ ಇಲ್ಲ ಅಂತ ನಂಬ್ಬುಟ್ಟ."

ಅವನನ್ನು ಅಲ್ಲೇ ಬಿಟ್ಟು ಪ್ರಕಾಶ್‌ಗೆ ಫೋನ್ ಮಾಡಿದೆ.

"ಪೆಟ್ಟಿಗೆ ಆನ್ ಇದೆ ಸಾರ್. ಎದುರಿಗೇ ಆನೆ ಬಂತು. ಕೂಗಲಿಲ್ಲ."

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿತು.

"ಅದು ನಿಮ್ಮ ಕೆಲಸ ಅಲ್ಲ ಮೇಡಂ. ನಲವತ್ತು ಊರಿನ ಆರ್ಡರ್‌ಗೆ ಡೆಮೋ ಇಟ್ಕೊಂಡಿದೀನಿ. ನೀವು ಸ್ಕೂಟರ್‌ನಲ್ಲಿ ಓಡಾಡೋರು... ಹುಷಾರಾಗಿರಿ."

ಮಾತು ಸುಳ್ಳಾಗಲಿಲ್ಲ. ರಾಮನಗರ ತಲುಪುವಷ್ಟರಲ್ಲಿ ಹಿಂದೆ ಒಂದು ಜೀಪು. ನಂಬರ್ ಪ್ಲೇಟ್ ಇಲ್ಲ. ತಿರುವಿನಲ್ಲಿ ಒಂದು ಸಲ ಒತ್ತಿತು. ಕನ್ನಡಿ ಹಾರಿಹೋಯಿತು. ಇನ್ನೊಂದು ಸಲ ಒತ್ತಿದ್ದರೆ ನಾನೇ ಹಾರುತ್ತಿದ್ದೆ. ಎದುರಿಗೆ ರೇಷ್ಮೆಗೂಡಿನ ಮಾರ್ಕೆಟ್. ಗೂಡಿನ ಮೂಟೆ ತುಂಬಿದ ಆಟೋಗಳು ಗೇಟಿನಲ್ಲಿ ಸಾಲಾಗಿ ನಿಂತಿದ್ದವು. ಆ ಸಂದಿಗೆ ಸ್ಕೂಟರ್ ನುಗ್ಗಿಸಿದೆ. ಜೀಪು ಹಾರ್ನ್ ಹೊಡೆಯುತ್ತ ಅಲ್ಲೇ ಸಿಕ್ಕಿಕೊಂಡಿತು. ನಾನು ಹಿಂದಿನ ಗೇಟಿನಿಂದ ಮಾಗಡಿ ರಸ್ತೆ ಹಿಡಿದೆ.

ಹೆದರಿಸದಿದ್ದರೆ ಸುಮ್ಮನಿರುತ್ತಿದ್ದೆನೇನೋ. ಹೆದರಿಸಿದ್ದು ತಪ್ಪಾಯಿತು.

ಪ್ರಕಾಶ್ ಕಂಪನಿ ಬಿಟ್ಟವರು ಯಾರೆಂದು ವಿಚಾರಿಸಿದೆ. ಗುಡೇಮಾರನಹಳ್ಳಿಯಲ್ಲಿ ಮಾನಸ ಇದ್ದಳು. ಆ ಪೆಟ್ಟಿಗೆಗೆ ಆನೆಯ ಗುರುತು ಕಲಿಸಿದ ಎಂಜಿನಿಯರ್. ಎರಡು ತಿಂಗಳ ಹಿಂದೆ ಪ್ರಕಾಶ್ ಜೊತೆ ಜಗಳ ಮಾಡಿ ಕೆಲಸ ಬಿಟ್ಟಿದ್ದಳು.

"ಎಲ್ಲಾ ಆನೆ ಕ್ಯಾಂಪಿನ ಫೋಟೋ ಮೇಡಂ," ಎಂದಳು. "ಹಾಡುಹಗಲು. ತೊಳೆದ ಮೈ. ಕಾಲಿಗೆ ಸರಪಳಿ, ಪಕ್ಕದಲ್ಲಿ ಮಾವುತ, ಬಯಲು ನೆಲ. ಸಾವಿರಾರು ಫೋಟೋ ತೋರ್ಸಿ, ಇದು ಆನೆ ಅಂತ ಹೇಳ್ಕೊಟ್ವಿ. ಅದು ಸರಪಳಿ ಕಲ್ತುಬಿಡ್ತು. ಆನೇನ ಕಲೀಲಿಲ್ಲ."

"ಪರೀಕ್ಷೆ ಮಾಡಲಿಲ್ವಾ?"

"ಮಾಡಿದ್ವಿ. ಅದೇ ಕ್ಯಾಂಪಿನ ಬೇರೆ ಫೋಟೋ ಕೊಟ್ಟು. ನೂರಕ್ಕೆ ತೊಂಬತ್ತೊಂಬತ್ತು ಬಂತು. ಪ್ರಕಾಶ್ ಸಾರ್ ಸ್ವೀಟ್ ಹಂಚಿದ್ರು." ಅವಳು ನಗಲಿಲ್ಲ. "ಮಂಜಲ್ಲಿ, ಪೊದೆ ಹಿಂದೆ, ಕೆಸರು ಮೆತ್ಕೊಂಡಿರೋ ಆನೆ ಬೇಕು ಅಂದೆ. ಕಬ್ಬಾಳಿನ ಫೋಟೋ ಕಲಿಸೋಕೆ ಬಳಸ್ದೆ, ಪರೀಕ್ಷೆಗೆ ಮಾತ್ರ ಇಟ್ಕೊಳ್ಳೋಣ, ಪೆಟ್ಟಿಗೆ ಕಾಣದ ಊರಲ್ಲಿ ಪಾಸಾದ್ರೆ ಮಾತ್ರ ಕಂಬ ನೆಡೋಣ ಅಂದೆ. ಅಷ್ಟು ಟೈಮಿಲ್ಲ ಅಂದ್ರು."

ಚನ್ನಯ್ಯ ಸತ್ತ ಸುದ್ದಿ ಅವಳಿಗೆ ಗೊತ್ತಿತ್ತು. ಕಣ್ಣು ನೋಡಿದರೆ ಸಾಕಿತ್ತು.

ಡೆಮೋ ಕಬ್ಬಾಳಿನ ಕೆರೆಯ ಪಕ್ಕ. ಶಾಮಿಯಾನ, ದೊಡ್ಡ ಸ್ಕ್ರೀನ್. ಆರ್ಡರ್ ಕೊಡಬೇಕಾದ ಸರ್ಕಾರಿ ಕಮಿಟಿಯ ಮುಖ್ಯಸ್ಥೆ ನಾಹಿದಾ ಮುಂದೆ ಕೂತಿದ್ದರು. ಪ್ರಕಾಶ್ ಒಂದು ಮಠದ ಆನೆ ತರಿಸಿದ್ದ. ಸರಪಳಿ ಎಳೆದುಕೊಂಡು, ಮಾವುತ ಮುನಿಶಾಮಯ್ಯನ ಜೊತೆ ಅದು ಬಯಲಿಗೆ ಬಂತು. ಸೈರನ್ ಕಿವಿ ಕಿತ್ತುಹೋಗುವಂತೆ ಕೂಗಿತು. ಚಪ್ಪಾಳೆ.

ಟೀ ಬ್ರೇಕ್ ಕೊಟ್ಟರು. ನಾನು ಮಾವುತನ ಹತ್ತಿರ ಹೋದೆ.

"ಸರಪಳಿ ಬಿಚ್ಚಿ, ಕೆರೆಗೆ ಇಳಿಸಬೇಕಂತೆ. ಕಮಿಟಿ ಮೇಡಂ ಹೇಳಿದಾರೆ."

ಹಳೇ ಪೊಲೀಸ್ ದನಿ. ಮುನಿಶಾಮಯ್ಯ ತಿರುಗಿ ಕೇಳಲಿಲ್ಲ. ಪಾಪ, ಆನೆಗೆ ಎಷ್ಟು ದಿನದ ಆಸೆಯೋ... ಕೆಸರಿನಲ್ಲಿ ಬಿದ್ದು ಹೊರಳಾಡಿತು. ಎದ್ದಾಗ ಮೈಯೆಲ್ಲ ಕೆಮ್ಮಣ್ಣು.

"ಆ ಪೊದೆ ಕಡೆಯಿಂದ ಕರ್ಕೊಂಡು ಬಾ. ನೀನು ಹಿಂದೆ ಇರು."

ಅದು ಬಂತು. ಪೊದೆ ಸರಿಸಿಕೊಂಡು, ಕ್ಯಾಮೆರಾದ ಕಣ್ಣೆದುರಿಗೇ, ಶಾಮಿಯಾನದವರೆಗೆ ಬಂತು. ಸೈರನ್ ಇಲ್ಲ. ಟೀ ಟೇಬಲ್ ಮೇಲಿನ ಬಾಳೆಹಣ್ಣಿನ ಚಿಪ್ಪನ್ನು ಎತ್ತಿಕೊಂಡಾಗಲೇ ಜನಕ್ಕೆ ಗೊತ್ತಾಗಿದ್ದು. ಕುರ್ಚಿಗಳು ಉರುಳಿದವು. ನಾಹಿದಾ ಮಾತ್ರ ಎದ್ದು ನಿಂತು ಸ್ಕ್ರೀನ್ ನೋಡಿದರು. ಅಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ಆನೆ ಇಲ್ಲ.

"ಏನ್ರೀ ಪ್ರಕಾಶ್ ಇದು?"

"ಮೈಗೆ ಮಣ್ಣು ಮೆತ್ಕೊಂಡಿದೆ ಮೇಡಂ... ಅದಕ್ಕೆ..."

"ಕಾಡಾನೆಗೆ ದಿನಾ ಯಾರು ಸ್ನಾನ ಮಾಡಿಸಿ ಕಳಿಸ್ತಾರೆ?"

ಅವನು ನನ್ನ ಕಡೆ ನೋಡಿದ. ನಾನು ನನ್ನ ಟೀ ಮುಗಿಸಿದೆ.

ಆರ್ಡರ್ ನಿಂತಿತು. ಚಿಕ್ಕರಾಜು ಮೇಲಿನ ಕಂಪ್ಲೇಂಟ್ ವಾಪಸಾಯಿತು. ಕತೆ ಇಲ್ಲಿಗೆ ಮುಗಿದಿದ್ದರೆ ನಾನೂ ಒಂದು ರಾತ್ರಿ ನೆಮ್ಮದಿಯಾಗಿ ಮಲಗಿರುತ್ತಿದ್ದೆ.

ಪ್ರಕಾಶ್ ಬುದ್ಧಿವಂತ. ಅದೇ ಮಠದ ಆನೆಯನ್ನು ಅದೇ ಕೆರೆಯಲ್ಲಿ ಹೊರಳಾಡಿಸಿ, ಅದೇ ಪೊದೆಯಿಂದ ನಡೆಸಿ, ಸಾವಿರಾರು ಫೋಟೋ ಹೊಡೆಸಿದ. ಪೆಟ್ಟಿಗೆಗೆ ಕಲಿಸಿದ. ಅಷ್ಟರಲ್ಲಿ ನಾಹಿದಾ ಬೇರೆ ಕಡೆಗೆ ವರ್ಗವಾಗಿದ್ದರು. ಹೊಸ ಕಮಿಟಿಯ ಎದುರು ಕೆಸರಾನೆ ಬಂತು. ಸೈರನ್ ಕೂಗಿತು. ಆರ್ಡರ್ ಪಾಸಾಯಿತು.

"ಈಗ ಎಲ್ಲ ಆನೆ ಗುರುತು ಹಿಡಿಯುತ್ತಾ?" ಎಂದು ಮಾನಸಳನ್ನು ಕೇಳಿದೆ.

"ಆ ಒಂದು ಆನೇನ ಹಿಡಿಯುತ್ತೆ ಮೇಡಂ. ಮೊದಲು ತೊಳೆದಿದ್ರೆ ಹಿಡೀತಿತ್ತು, ಈಗ ಗಲೀಜಾಗಿದ್ರೂ ಹಿಡಿಯುತ್ತೆ."

ಅವಳೀಗ ಒಬ್ಬಳೇ ಕಾಡಂಚಿನ ಊರೂರು ಸುತ್ತಿ, ಮರಕ್ಕೆ ಕ್ಯಾಮೆರಾ ಕಟ್ಟಿ, ಬಾಲ ಮಾತ್ರ ಕಾಣುವ ಆನೆ, ಮಂಜಿನೊಳಗಿನ ಆನೆ, ತಾಯಿಯ ಕಾಲಸಂದಿಯ ಮರಿ, ಎಲ್ಲವನ್ನೂ ಕೂಡಿಹಾಕುತ್ತಿದ್ದಾಳೆ. ಇನ್ನೂ ಎರಡು ವರ್ಷ ಬೇಕಂತೆ. ಅಲ್ಲಿಯವರೆಗೆ ಕಾಯುವಂತೆ ಆನೆಗಳಿಗೆ ಹೇಳುವವರು ಯಾರು?

ಮೊನ್ನೆ ಕಬ್ಬಾಳಿಗೆ ಹೋಗಿದ್ದೆ. ಹೊಸ ಕಂಬ. ಅದರ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಚಿಕ್ಕರಾಜು ಕೂತಿದ್ದ. ಮೈಮೇಲೆ ಕಂಪನಿಯ ಟೀ ಶರ್ಟು. ಕೈಯಲ್ಲಿ ಸಣ್ಣ ಸ್ವಿಚ್ಚು.

"ಏನಪ್ಪ ಇದು?"

"ಕೆಲ್ಸ ಕೊಟ್ಟವ್ರೆ ಕಣಕ್ಕ. ಆನೆ ಬಂದಾಗ ಪೆಟ್ಗೆ ಕೂಗ್ನಿಲ್ಲ ಅಂದ್ರೆ ನಾನು ಇದನ್ನ ಒತ್ಬೇಕು."

"ಅದಾಗಿ ಅದೇ ಎಷ್ಟು ಸಲ ಕೂಗಿದೆ?"

"ಮಠದ ಆನೆ ಈ ಕಡೆ ಬಂದಾಗ ಒಂದ್ಸಲ ಕೂಗ್ತು."

ಚನ್ನಯ್ಯನ ಹೆಂಡತಿ ಬೀರಮ್ಮ ಮೈದುನನಿಗೆ ಮುದ್ದೆ ತಂದಿದ್ದಳು. ಕಂಬದ ಕಡೆ ತಲೆಯೆತ್ತಿಯೂ ನೋಡಲಿಲ್ಲ.

"ಸತ್ತಿದ್ದೂ ನಮ್ಮನೆಯೋರು, ಈಗ ಕಾಯ್ತಿರೋದೂ ನಮ್ಮನೆಯೋರು," ಎಂದಳು. "ಇದು ಏನ್ ಕಿಸಿತೈತವ್ವ ಮೇಲ್ಕುಂತ್ಕೊಂಡು?"

ಅವಳ ಪ್ರಶ್ನೆಗೆ ಉತ್ತರ ಪ್ರಕಾಶ್ ಹತ್ತಿರ ಇದೆ. ಸೈರನ್ ಈವರೆಗೆ ಒಂದು ಸಲವೂ ತಪ್ಪಿಲ್ಲ ಎಂದು ಅವನು ಕಮಿಟಿಗೆ ವರದಿ ಕೊಟ್ಟಿದ್ದಾನೆ. ಚಿಕ್ಕರಾಜುವಿನ ಹೆಬ್ಬೆರಳಿಗೆ ಅದರಲ್ಲಿ ಕೃತಕ ಬುದ್ಧಿಮತ್ತೆ ಎಂದು ಹೆಸರು.