ನಾನೂರ ಹನ್ನೆರಡು ಮಂದಿಗೆ ಒಂದೇ ಪಟ್ಟಿ

ಚಿನ್ನವ್ವನ ಹೊಟ್ಟೆಯ ಮೇಲೆ ಅಂಟಿಸಿದ್ದ ನಾಣ್ಯದಗಲದ ಬಿಲ್ಲೆ ಅವಳ ರಕ್ತದ ಸಕ್ಕರೆ ಅಳೆಯಿತು. ಎಷ್ಟು ಇನ್ಸುಲಿನ್ ಬಿಡಬೇಕೆಂದು ಊರ ಆಸ್ಪತ್ರೆಯ ಗಣಕದಲ್ಲಿದ್ದ ನಿಯಮಪಟ್ಟಿಯನ್ನು ಕೇಳಿತು. ‘ಹಬ್ಬದೂಟ’ ಎಂದಿತು ಪಟ್ಟಿ. ಬಿಲ್ಲೆ ಊಟಕ್ಕೆ ಮೊದಲೇ ಭರ್ತಿ ಔಷಧ ಬಿಟ್ಟಿತು. ಅಂದು ಸೋಮವಾರ, ಚಿನ್ನವ್ವನಿಗೆ ಉಪವಾಸ. ಕಸಬರಿಗೆ ಹಿಡಿದಲ್ಲೇ ಕುಸಿದಳು.

‘ಹಬ್ಬದೂಟ’ದ ಗುಂಡಿ ಒತ್ತಿದ್ದು ಅವಳಲ್ಲ. ಗುಳೇದಗುಡ್ಡದ ಇನ್ನೊಂದು ಓಣಿಯ ಮದುವೆಯಲ್ಲಿ ಹೋಳಿಗೆಗೆ ಕೂತವನೊಬ್ಬ ತನ್ನ ಬಿಲ್ಲೆಗೆಂದು ಒತ್ತಿದ್ದ. 2063ರಲ್ಲಿ ಆ ಊರಿನ ನಾನೂರ ಹನ್ನೆರಡು ಬಿಲ್ಲೆಗಳಿಗೂ ಇದ್ದದ್ದು ಒಂದೇ ಪಟ್ಟಿ. ಒಬ್ಬ ತಿದ್ದಿದರೆ ಎಲ್ಲರದೂ ತಿದ್ದಿದಂತೆ. ಉಂಡವರು ಪಾರಾದರು.

ಇಂಥ ತಂತ್ರಾಂಶ ಬರೆಯುವ ಮೊದಲು ಒಂದು ತೀರ್ಮಾನ ಆಗಬೇಕು. ಎಲ್ಲ ಬಿಲ್ಲೆಗಳೂ ಒಂದೇ ಪಟ್ಟಿ ಓದಬೇಕೋ, ಅಥವಾ ಪ್ರತಿಯೊಂದಕ್ಕೂ ಅದರದೇ ಪ್ರತಿ ಕೊಟ್ಟು, ಬೇರೆಯವರು ಮುಟ್ಟದಂತೆ ಬೀಗ ಹಾಕಬೇಕೋ? ಈ ಬಿಲ್ಲೆಗಳನ್ನು ರೂಪಿಸಿದ ಡಾ. ತ್ರಿವಿಕ್ರಮ ಮುದಗಲ್ ಮೊದಲನೆಯದನ್ನು ಆರಿಸಿದ್ದರು. ದೊಡ್ಡ ವಿಜ್ಞಾನಿ. ಅದಕ್ಕೆ ಪ್ರಶಸ್ತಿಯನ್ನೂ ಹೊಡೆದುಕೊಂಡಿದ್ದರು.

ಎರಡು ದಿನಕ್ಕೆ ಚಿನ್ನವ್ವ ಕಣ್ಣು ಬಿಟ್ಟಳು. ಕಳಚಿಟ್ಟಿದ್ದ ಬಿಲ್ಲೆಯನ್ನು ಮತ್ತೆ ಅಂಟಿಸಲು ಮಗಳು ದಾಕ್ಷಾಯಣಿಯ ಒಪ್ಪಿಗೆ ಬೇಕಿತ್ತು. ಅಂಟಿಸದಿದ್ದರೆ ಮುದುಕಿ ಉಳಿಯುವುದಿಲ್ಲ. ಸೂಜಿಯಲ್ಲಿ ಕೊಡುವ ಇನ್ಸುಲಿನ್ ತಯಾರಿ ನಿಂತು ಆರು ವರ್ಷವಾಗಿತ್ತು. ಆಸ್ಪತ್ರೆಗೆ ಬಂದಿದ್ದ ಮುದಗಲ್ ತಾವೇ ಕಾಗದ ಮುಂದೆ ಹಿಡಿದರು.

“ಸಹಿ ಮಾಡಂಗಿಲ್ರಿ,” ಎಂದಳು ದಾಕ್ಷಾಯಣಿ. “ನಮ್ಮವ್ವಗ ಬ್ಯಾರೆ ಪಟ್ಟಿ ಕೊಡ್ರಿ. ಆಮ್ಯಾಲೆ ಹಚ್ರಿ.”

“ಪಟ್ಟಿ ಹಲವಾದರೆ ವೈದ್ಯರ ತಿದ್ದುಪಡಿ ಕೆಲವರಿಗೆ ತಲುಪತ್ತೆ, ಕೆಲವರಿಗೆ ಇಲ್ಲ. ಅದು ಇನ್ನೂ ಅಪಾಯ. ನಿಮಗೆ ಇದೆಲ್ಲ ತಿಳಿಯೋದಿಲ್ಲಮ್ಮ.”

“ನಾ ಮಗ್ಗ ರಿಪೇರಿ ಮಾಡಾಕಿ ಅದೀನ್ರಿ. ಒಂದೊಂದು ಮಗ್ಗಕ್ಕ ಅದರದ ಚಿತ್ತಾರದ ತೂತಿನ ಕಾರ್ಡು ಹಾಕ್ತೀವಿ. ಎಲ್ಲಾದಕ್ಕೂ ಒಂದ ಕಾರ್ಡು ಕಟ್ಟಿ, ಕಂಡಕಂಡವರ ಕೈಯಾಗ ತೂತು ಹೊಡ್ಯಾಕ ಕೊಡಂಗಿಲ್ಲ.”

“ನಿಮಗೆ ಕೊಟ್ಟರೆ ನಾಳೆ ಎಲ್ಲರೂ ಕೇಳ್ತಾರೆ!”

“ಕೇಳ್ಲಿ.”

ಮುದಗಲ್ ಸಿಟ್ಟಿನಿಂದ ಗೋಡೆಯ ಪರದೆಯತ್ತ ಕೈ ತೋರಿಸಿದರು. ಇಡೀ ಊರಿನ ಲೆಕ್ಕ ನೋಡಿ, ಎಷ್ಟು ಅಚ್ಚುಕಟ್ಟು ಎಂದರು. ಆಕೆ ನೋಡಿದಳು. ಅವ್ವನದು ಕಳಚಿದ ಮೇಲೂ ಚಾಲೂ ಇರುವ ಬಿಲ್ಲೆ 412. ಪಟ್ಟಿ ಓದುತ್ತಿರುವವು 411.

“ಇನ್ನೊಂದು ಯಾರದ್ರಿ?”

ಅವರ ಕೈ ತಾನಾಗಿಯೇ ತಮ್ಮ ಹೊಟ್ಟೆಯ ಮೇಲೆ ಹೋಯಿತು. ಅಂಗಿಯೊಳಗೆ ಬಿಲ್ಲೆಯ ಹಸಿರು ದೀಪ ಮಿಣುಕುತ್ತಿತ್ತು.

“ಅದು... ಪರೀಕ್ಷೆಗೆ ಇಟ್ಟುಕೊಂಡದ್ದು.”

“ಅಂದ್ರ ಬ್ಯಾರೆ ಪಟ್ಟಿ ಮಾಡಾಕ ಬರ್ತೈತಿ. ನಿಮಗ ಬರ್ತೈತಿ, ನಮ್ಮವ್ವಗ ಬರಂಗಿಲ್ಲ! ಆರು ವರ್ಷದಿಂದ ಪರೀಕ್ಷೆ ಮಾಡಿದ್ದು ಯಾರನ್ನ ಹೇಳ್ರಿ, ನಿಮ್ಮನ್ನೋ, ನಮ್ಮನ್ನೋ?”

ಕಾಗದ ಹರಿದು ಅವರ ಎದೆಗೆ ಎಸೆದಳು. ಒಂದು ಗಂಟೆಯೊಳಗೆ ಚಿನ್ನವ್ವನ ಹೆಸರಿನ ಪಟ್ಟಿ ಸಿದ್ಧವಾಯಿತು. ಅಪಾಯವೆಂದು ಹಟ ಹಿಡಿದವರೇ ಕೂತು ಬರೆದರು. ಕ್ಷಮೆ ಕೇಳಲಿಲ್ಲ. ಕೇಳಿದ್ದರೂ ದಾಕ್ಷಾಯಣಿ ಕ್ಷಮಿಸುತ್ತಿರಲಿಲ್ಲ, ಕ್ಷಮಿಸಬೇಕಾಗಿಯೂ ಇರಲಿಲ್ಲ.

ಮುಂದೆಂದೋ ಆಗುವ ಮಾತೆಂದು ಇದನ್ನು ಮಡಿಸಿ ಇಡಬೇಡಿ. ಎಲ್ಲರಿಗೂ ಒಂದೇ ಸಾಕು ಎಂದು ಇವತ್ತೇ ಯಾರೋ ಮೇಜಿನ ಮುಂದೆ ಕೂತು ಬರೆಯುತ್ತಿದ್ದಾರೆ. ಅವರನ್ನು ವಾದದಲ್ಲಿ ಗೆಲ್ಲಲು ಹೋಗಬೇಡಿ. ಅಂಗಿ ಎತ್ತಿ ತೋರಿಸಲು ಹೇಳಿ.