ಮಣಿಕಟ್ಟಿನ ಕೆಳಗೆ ಉಳಿದ ಪಟ್ಟಿ

"ನನ್ನ ವಾಚೆಲ್ಲಿ?"

ಟೀಚರಮ್ಮನ ಆ ಕೂಗು ನನಗೆ ಇನ್ನೂ ನೆನಪಿದೆ. ಸೂಜಿ ಚಿಕಿತ್ಸೆಯ ಆ ಕ್ಲಿನಿಕ್ಕು ಮುಚ್ಚಿ ಎಷ್ಟೋ ಕಾಲವಾಯಿತು. ಅಲ್ಲೀಗ ಮೊಬೈಲ್ ಅಂಗಡಿಯಿದೆ. ಆದರೂ ಆ ಮೆಟ್ಟಿಲ ಬಳಿ ಹೋದಾಗಲೆಲ್ಲ ಡಾಕ್ಟರಮ್ಮ ಚಿಕಿತ್ಸೆಗೆಂದು ಉರಿಸುತ್ತಿದ್ದ ಒಣ ಎಲೆಯ ಹೊಗೆ ಮೂಗಿಗೆ ಬಡಿದಂತಾಗುತ್ತದೆ.

ಕ್ಲಿನಿಕ್ಕಿನ ಮೇಲಿನ ಮನೆಯಲ್ಲಿ ನಾನೂ ನನ್ನ ಸೋದರತ್ತೆಯೂ ಇದ್ದೆವು. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು. ಬೀದಿಯಲ್ಲಿ ಯಾರ ಮನೆಯ ಚಮಚ ಕಾಣೆಯಾದರೂ ಜನ ನೇರ ಅವಳಲ್ಲಿಗೇ ಬರುತ್ತಿದ್ದರು. ಪಾದಗಳಿಗೆ ಜೋಮು ಹಿಡಿದು, ರಾತ್ರಿಯೆಲ್ಲ ಉರಿದು, ಮಾತ್ರೆ ನುಂಗಿ ನುಂಗಿ ಬೇಸತ್ತು ಕೊನೆಗೆ ಸೂಜಿಗೆ ಶರಣಾಗಿದ್ದಳು. "ನರದ ಲೈನ್ ಕಟ್ಟಾಗಿದೆ ಕಣೋ, ಇವರೇನಾದ್ರೂ ಜೋಡಿಸ್ತಾರಾ ನೋಡೋಣ" ಎನ್ನುತ್ತಿದ್ದಳು.

ಪರದೆಗಳ ನಡುವೆ ಮೂರು ಹಾಸಿಗೆ. ಅತ್ತೆಯ ಪಕ್ಕದ್ದು, ಎಡಗೈಯ ಸ್ಪರ್ಶವನ್ನೇ ಕಳೆದುಕೊಂಡಿದ್ದ ಟೀಚರಮ್ಮನದು. ತೀರಿಹೋದ ಗಂಡನ ವಾಚು ನಿಂತು ವರ್ಷಗಳಾಗಿದ್ದರೂ ಅದನ್ನು ಆ ಕೈಯಿಂದ ಬಿಚ್ಚಲು ಅವರು ಒಪ್ಪುತ್ತಿರಲಿಲ್ಲ. ಆಚೆಯದು ವಾಚು ರಿಪೇರಿಯ ತಾತನದು. ಬೆರಳುಗಳು ಮರಗಟ್ಟಿ ಅವರು ಅಂಗಡಿ ಮುಚ್ಚಿದ್ದರು. "ನನಗೆ ಚುಚ್ಚೋದೂ ಒಂದೇ, ಗೋಡೆಗೆ ಚುಚ್ಚೋದೂ ಒಂದೇ" ಎಂದು ದಿನವೂ ಗೊಣಗಾಟ. ಟೀಚರಮ್ಮನ ವಾಚು ನೋಡಿ "ಅದು ಇನ್ನು ನಡೆಯಲ್ಲ ಬಿಡಿ" ಎಂದಿದ್ದವರೂ ಅವರೇ. ಚಿಕಿತ್ಸೆ ಮುಗಿದ ಮೇಲೆ ಎಲ್ಲರ ಸೂಜಿ ತೆಗೆಯುತ್ತಿದ್ದ ಕ್ಲಿನಿಕ್ಕಿನ ಆಯಾಳೇ ಅವರ ಅಂಗಿಯ ಗುಂಡಿಗಳನ್ನೂ ಹಾಕಿಕೊಡುತ್ತಿದ್ದಳು.

ಅಂದು ನಾನು ಹೊರಗಿನ ಕೋಣೆಯಲ್ಲಿ ಅತ್ತೆಗಾಗಿ ಕಾಯುತ್ತಿದ್ದೆ. ಒಳಗೆ ಟೀಚರಮ್ಮ ಕಣ್ಣ ಮೇಲೆ ಬಟ್ಟೆ ಹಾಕಿಕೊಂಡು ನಿದ್ದೆ ಹೋಗಿದ್ದರು. ಆಯಾ ಹತ್ತಿರವಿಲ್ಲದ್ದರಿಂದ ಡಾಕ್ಟರಮ್ಮನೇ ತಾತನ ಸೂಜಿಗಳನ್ನು ತೆಗೆದು ಫೋನಿನಲ್ಲಿ ಮಾತಾಡಲು ಹೋದರು. ಹಿಂದಿನ ಕೋಣೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಆಯಾ ಆಮೇಲೆ ಬಂದು ಟೀಚರಮ್ಮನನ್ನು ಎಬ್ಬಿಸಿದಳು. ಕೂಗೆದ್ದದ್ದು ಆಗಲೇ.

ಸೂಜಿ ತೆಗೆಸಿಕೊಂಡದ್ದೇ ತಡ, ಟೀಚರಮ್ಮ ಹೊರಗೆ ಬಂದು, ಕಾಯುತ್ತಿದ್ದ ಜನರೆದುರೇ ಆಯಾಳ ಚೀಲವನ್ನು ನೆಲಕ್ಕೆ ಸುರಿದರು. ಬಾಚಣಿಗೆ, ಊಟದ ಡಬ್ಬಿ, ಮಗುವಿನ ಒಂದು ಕಾಲುಚೀಲ ಬಿದ್ದವು. ವಾಚಿರಲಿಲ್ಲ.

"ಎಲ್ಲಿ ಬಚ್ಚಿಟ್ಟಿದ್ದಾಳೋ" ಎಂದರು ಟೀಚರಮ್ಮ.

ಡಾಕ್ಟರಮ್ಮ ತಲೆ ತಗ್ಗಿಸಿ, "ನಾಳೆಯಿಂದ ಬರಬೇಡಮ್ಮಾ" ಎಂದುಬಿಟ್ಟರು.

"ಕಳ್ಳಿ ಅನ್ನಿಸ್ಕೊಂಡವಳಿಗೆ ಇನ್ಯಾರು ಕೆಲಸ ಕೊಡ್ತಾರೆ ಡಾಕ್ಟರಮ್ಮಾ?" ಎಂದಳು ಆಯಾ, ನೆಲಕ್ಕೆ ಬಿದ್ದ ಡಬ್ಬಿ ಎತ್ತಿಕೊಳ್ಳುತ್ತ. ನನಗೆ ಮೈ ಉರಿದುಹೋಯಿತು.

ಒಳಗಿನಿಂದ ಅತ್ತೆ ಕರೆದಳು. "ಲೋ, ಕಾಲ ತುಂಬ ಸೂಜಿ, ನಾನು ಏಳೋ ಹಾಗಿಲ್ಲ. ಕೂಗಿದಾಗ ನೀನು ಓಡಿಬಂದೆಯಲ್ಲ, ಏನು ಕಂಡೆ?"

"ಟೀಚರಮ್ಮನ ಅಂಗೈ ಹಾಸಿಗೆ ಮೇಲೆ ಕವುಚಿತ್ತು. ಸೂಜಿಗಳು ನೆಟ್ಟಗೇ ನಿಂತಿದ್ವು. ವಾಚಿನ ಪಟ್ಟಿ ಮಾತ್ರ ಮಣಿಕಟ್ಟಿನ ಕೆಳಗೆ ಸಿಕ್ಕಿಕೊಂಡಿತ್ತು."

"ಬಕ್ಕಲ್ಲು?"

"ಸೂಜಿ ತೆಗೆದು ಕೈ ಎತ್ತಿದಾಗ ನೋಡಿದೆ, ಹಾಕಿದ್ದು ಹಾಕಿದ ಹಾಗೇ ಇತ್ತು."

"ತಾತ ಎಲ್ಲಿದ್ರು?"

"ಹೊರಗಿನ ಕೋಣೇಲಿ, ಕಿಟಕಿ ಬೆಳಕಲ್ಲಿ. ಕತ್ತಿನವರೆಗೂ ಗುಂಡಿ ಹಾಕ್ಕೊಂಡು ಮದುವೆ ಗಂಡಿನ ಹಾಗೆ ನಿಂತಿದ್ರು."

"ಎಲ್ಲರನ್ನೂ ಇಲ್ಲಿಗೇ ಕರಿ" ಎಂದಳು ಅತ್ತೆ.

ಹೀಗೆ, ಕಾಲಲ್ಲಿ ಸೂಜಿ ನೆಟ್ಟುಕೊಂಡು ಮಲಗಿದ್ದವಳ ಸುತ್ತ ನಾವೆಲ್ಲ ಸೇರಿದೆವು.

"ಬಕ್ಕಲ್ಲು ಅಂಗೈ ಕಡೆ ಇತ್ತು" ಎಂದು ಅತ್ತೆ ಶುರು ಮಾಡಿದಳು. "ಬಿಚ್ಚಬೇಕಾದ್ರೆ ಕೈ ಹೊರಳಿಸಬೇಕು, ಸೂಜಿ ಅಡ್ಡ ಬರುತ್ತೆ. ಆಯಾ ಕದಿಯೋದಾಗಿದ್ರೆ ಅವಳಿಗೇನು ಕಷ್ಟ? ಸೂಜಿ ತೆಗೆಯೋದು ಅವಳದೇ ಕೆಲಸ. ತೆಗೆದು, ಬಕ್ಕಲ್ಲು ಬಿಚ್ಚಿ, ಪಟ್ಟಿ ಸಮೇತ ಒಯ್ತಿದ್ಲು. ತಗೊಂಡವರು ಹಾಗೆ ಮಾಡಿಲ್ಲ. ಪಟ್ಟೀನ ವಾಚಿಗೆ ಸೇರಿಸೋ ಕಡ್ಡಿಗಳನ್ನ ಎರಡೂ ಬದಿಯಿಂದ ಬಿಡಿಸಿ, ವಾಚನ್ನಷ್ಟೇ ಮೇಲಿಂದ ಎತ್ತಿದ್ದಾರೆ. ಮಲಗಿದವರಿಗೆ ಎಚ್ಚರ ಆಗದ ಹಾಗೆ ಅದನ್ನ ಮಾಡೋಕೆ ಪಳಗಿದ ಕೈ ಬೇಕು."

"ಪಳಗಿದ ಕೈ ತಾತನದೇ. ಆದರೆ ಅವರ ಬೆರಳು..." ಎಂದರು ಡಾಕ್ಟರಮ್ಮ.

"ಇವತ್ತು ಆಯಾ ಬಟ್ಟೆ ಒಗೀತಿದ್ಲು, ನೀವು ಫೋನಲ್ಲಿದ್ರಿ. ಹಾಗಾದ್ರೆ ತಾತನ ಅಷ್ಟೂ ಗುಂಡಿ ಹಾಕಿದ್ದು ಯಾರು? ಡಾಕ್ಟರಮ್ಮಾ, ನಿಮ್ಮ ಸೂಜಿ ಕೆಲಸ ಮಾಡಿದೆ. ಇವರು ಹೇಳಿಲ್ಲ, ಅಷ್ಟೆ."

ತಾತ ಜೇಬಿನಿಂದ ವಾಚು ತೆಗೆದು ಹಾಸಿಗೆಯ ಮೇಲಿಟ್ಟರು.

"ಒಂದು ವಾರದಿಂದ ಬೆರಳ ತುದೀಲಿ ಏನೋ ಚುರುಗುಡ್ತಿತ್ತು" ಎಂದರು. "ನಂಬಿಕೆ ಬರಲಿಲ್ಲ. ಕೇಳಿ ತಗೊಂಡ್ರೆ ರಿಪೇರಿ ಮಾಡಿಕೊಡ್ತೀನಿ ಅಂತ ಮಾತು ಕೊಟ್ಟ ಹಾಗೆ. ಅದಕ್ಕೇ ಒಂದ್ಸಲ ಬಿಚ್ಚಿ ನೋಡಿ, ಅವರು ಏಳೋದರೊಳಗೆ ಸಿಕ್ಕಿಸಿಬಿಡೋಣ ಅಂದ್ಕೊಂಡೆ. ಒಳಗೆ ಹಳೇ ಎಣ್ಣೆ ಗಟ್ಟಿಯಾಗಿದೆ, ಬೇರೇನಿಲ್ಲ. ಎಷ್ಟು ಕಾಲ ಆಗಿತ್ತು ಒಂದು ವಾಚಿನ ಒಳಗೆ ನೋಡಿ. ಹೊತ್ತು ಹೋಗಿದ್ದೇ ತಿಳೀಲಿಲ್ಲ. ಆಮೇಲೆ ಗಲಾಟೆ ಆಯ್ತು, ಬಾಯಿ ಬರಲಿಲ್ಲ."

ಅವರು ಆಯಾಳ ಕಡೆ ತಿರುಗಿ, "ತಪ್ಪಾಯ್ತು ಮಗಳೇ" ಎಂದರು.

"ನಿಮ್ಮ ಬೆರಳು ಸರಿಹೋಯ್ತಲ್ಲ, ಸಂತೋಷ ತಾತಾ" ಎಂದಳು ಆಯಾ. "ಆದ್ರೆ ನನ್ನ ಚೀಲ ಸುರಿಯೋವಾಗ ನೀವು ಅಲ್ಲೇ ನಿಂತಿದ್ರಿ."

"ನಿಂತಿದ್ದೆ" ಎಂದರು ತಾತ.

ಟೀಚರಮ್ಮ ವಾಚನ್ನು ಮುಟ್ಟದೆ ಆಯಾಳ ಕೈ ಹಿಡಿದರು. ನೆಟ್ಟಗೆ ಹೊರಗಿನ ಕೋಣೆಗೆ ಕರೆದೊಯ್ದು, ಕಾಯುತ್ತಿದ್ದ ಅಷ್ಟೂ ಜನರೆದುರು ಪಾಠ ಹೇಳುವ ದನಿಯಲ್ಲೇ ಹೇಳಿದರು: "ಎಲ್ಲರೂ ಕೇಳಿ. ಇವಳು ಕದ್ದಿಲ್ಲ. ಇವಳನ್ನ ಕಳ್ಳಿ ಅಂದಿದ್ದು ನನ್ನ ತಪ್ಪು."

ಅಷ್ಟು ಹೊತ್ತೂ ಒಂದು ಹನಿ ಕಣ್ಣೀರು ಹಾಕದಿದ್ದ ಆಯಾ ಆಗ ಗೋಡೆಗೆ ಮುಖ ಮಾಡಿ ಅತ್ತಳು.