ಮೂವತ್ತರ ಗೆರೆ

ದಿನಾಂಕ 3 ಫೆಬ್ರುವರಿ 2025, ಸೋಮವಾರ. ಬೆಳಿಗ್ಗೆ 11.20ಕ್ಕೆ ಖಾನಾಪುರದ ಮುಕ್ತಾ ಎಂಬ ಮೂವತ್ತೊಂದರ ಹೆಣ್ಣುಮಗಳು ಬೆಳಗಾವಿಯ ಠಾಣೆಗೆ ಬಂದು, ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಎರಡಡಿ ಉದ್ದದ ಸ್ಟೀಲ್ ಪಟ್ಟಿಯೊಂದನ್ನು ಇನ್‌ಸ್ಪೆಕ್ಟರ್ ಶಶಿಧರನ ಮೇಜಿನ ಮೇಲಿಟ್ಟಳು.

"ಇದನ್ನ ನಂಬಿ ನಮ್ಮ ಬಾಬಾ ಸತ್ರು ಸರ್," ಎಂದಳು.

ಅವಳ ತಂದೆ ಮಾರ್ತಾಂಡ ಹಡಗಿನಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ನಲವತ್ತು ವರ್ಷದ ಹಳೆಯ ಹಾಯಿದೋಣಿಯೊಂದನ್ನು ಕೊಂಡು ಕಾರವಾರದಲ್ಲಿ ಇಟ್ಟುಕೊಂಡಿದ್ದರು. ಅದರ ಡೀಸೆಲ್ ಟ್ಯಾಂಕು, ಕುಡಿಯುವ ನೀರಿನ ಟ್ಯಾಂಕು ಎರಡೂ ತುಕ್ಕು ಹಿಡಿದಿದ್ದರಿಂದ ಉದ್ಯಮಬಾಗದ ಗುರುಪುತ್ರಪ್ಪನವರ ವರ್ಕ್‌ಶಾಪಿನಲ್ಲಿ ಹೊಸದು ಮಾಡಿಸಿದ್ದರು. ದೋಣಿಯಲ್ಲಿ ಮೀಟರ್ ಇರಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಪಟ್ಟಿ ಇಳಿಸಿ, ಯಾವ ಗೆರೆಯವರೆಗೆ ಒದ್ದೆಯಾಗಿದೆ ಎಂದು ನೋಡಿ ಎಷ್ಟು ಲೀಟರ್ ಉಳಿದಿದೆಯೆಂದು ತಿಳಿಯಬೇಕಿತ್ತು.

"ಜನವರಿ ಹತ್ತೊಂಬತ್ತಕ್ಕ ಗೋವಾದಿಂದ ವಾಪಸ್ ಹೊಂಟಿದ್ವಿ. ಪಟ್ಟಿ ಇಳಿಸಿ ನೋಡಿದಾಕಿ ನಾನ. ಮೂವತ್ತು ಲೀಟರ್ ಐತಿ ಬಾಬಾ, ಅಂದೆ. ಗಾಳಿ ಬಿದ್ದರೂ ಎಂಜಿನ್ ಮ್ಯಾಲ ಕಾರವಾರ ಮುಟ್ಟತಿದ್ವಿ. ಆರು ತಾಸಿಗೆ ಡೀಸೆಲ್ ತೀರಿ ಎಂಜಿನ್ ನಿಂತಿತು."

ಅಲೆಗಳು ದೋಣಿಯನ್ನು ಬಂಡೆಗಳತ್ತ ತಳ್ಳಿದ್ದವು. ಮಾರ್ತಾಂಡ ಬಿದಿರಿನ ಗಳ ಹಿಡಿದು ಬಂಡೆಗೆ ಒತ್ತು ಕೊಡುವಾಗ ಜಾರಿ, ದೋಣಿಗೂ ಬಂಡೆಗೂ ನಡುವೆ ಸಿಕ್ಕಿ ತೀರಿಕೊಂಡಿದ್ದರು. ಮುಕ್ತಾಳನ್ನು ಮೀನುಗಾರರು ಎತ್ತಿಕೊಂಡು ಬಂದಿದ್ದರು.

ಪಟ್ಟಿಯ ಜೊತೆ ವರ್ಕ್‌ಶಾಪಿನವರು ಕೊಟ್ಟ ಪರೀಕ್ಷಾ ವರದಿಯಿತ್ತು. 'ಐದೈದು ಲೀಟರ್ ನೀರು ಸುರಿದು ಗೆರೆ ಹಾಕಲಾಗಿದೆ. ದಿನಾಂಕ 14-11-2024. ಪರೀಕ್ಷಿಸಿದವರು: ಹಣಮಪ್ಪ.' ಕೆಳಗೆ ಸಹಿ. ಸಹಿ ತನ್ನ ಗೆರೆ ಬಿಟ್ಟು ಕೆಳಗಿನ ಅಚ್ಚಿನ ಸಾಲಿನ ಮೇಲೆ ಹಾಯ್ದಿತ್ತು. ಶಶಿಧರ ಅದನ್ನು ನೋಡಿಯೂ ನೋಡಲಿಲ್ಲ.

12.45ಕ್ಕೆ ನಿರ್ಲಕ್ಷ್ಯದಿಂದ ಸಾವು ಮತ್ತು ವಂಚನೆಯ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು.

ಮರುದಿನ ಶಶಿಧರ ಮತ್ತು ಹೆಡ್ ಕಾನ್‌ಸ್ಟೆಬಲ್ ದಾನೇಶ್ವರಿ ವರ್ಕ್‌ಶಾಪಿಗೆ ಹೋದರು. ಗುರುಪುತ್ರಪ್ಪನವರಿಗೆ ಅರವತ್ತನಾಲ್ಕು. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವರ ಕಣ್ಣೆಂದರೆ ರಸಮಟ್ಟ ಎಂದು ಉದ್ಯಮಬಾಗದಲ್ಲಿ ಮಾತಿತ್ತು. ತಗಡು ಕೂದಲೆಳೆಯಷ್ಟು ಸೊಟ್ಟಗಿದ್ದರೂ ನಿಂತಲ್ಲಿಂದಲೇ ಹೇಳುತ್ತಿದ್ದರಂತೆ.

"ಈ ಗೆರಿ ಹಾಕಿದವರು ಯಾರ್ರಿ?"

"ಕಾಗದದಾಗ ಹೆಸರು ಐತೆಲ್ರಿ. ಹಣಮಪ್ಪ. ನಂಬಿದ್ದೆ. ಸುದ್ದಿ ತಿಳಿದ ದಿನಾನ ಕೆಲಸದಿಂದ ಬಿಡಿಸೇನಿ."

5ರಂದು ಬೆಳಿಗ್ಗೆ ನಂದಗಡದ ಮನೆಯಿಂದ ಹಣಮಪ್ಪನನ್ನು ಕರೆತಂದರು. ಐವತ್ತರ ವೆಲ್ಡರ್, ಮೂವತ್ತು ವರ್ಷ ಅದೇ ವರ್ಕ್‌ಶಾಪಿನಲ್ಲಿ ದುಡಿದವನು. ಹೆಂಡತಿ ಫಕೀರವ್ವ ಬಸ್ಸು ಹಿಡಿದು ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು.

"ಗೆರಿ ನೀನ ಹಾಕಿದ್ದೇನೋ?"

ಹಣಮಪ್ಪ ನೆಲ ನೋಡಿದ.

"ಸಹಿ ನಿಂದೇನು?"

"ಇರಬೇಕ್ರಿ."

"ಇರಬೇಕಂದ್ರ? ನೀರು ಸುರಿದು ನೋಡಿದ್ದೋ ಇಲ್ಲೋ?"

"ನನಗೇನೂ ಕೇಳಬ್ಯಾಡ್ರಿ ಸಾಹೇಬ್ರ."

ಆ ಮೌನವನ್ನು ಶಶಿಧರ ತಪ್ಪೊಪ್ಪಿಗೆ ಎಂದೇ ತಿಳಿದ. ಅವನನ್ನು ಸಂಜೆಯವರೆಗೆ ನೆಲದ ಮೇಲೆ ಕೂಡಿಸಿದ. ಮನುಷ್ಯನ ಜೀವ ತಗಡಿನಷ್ಟು ಅಗ್ಗವೇನೋ ಕಳ್ಳಾ ಎಂದು ಫಕೀರವ್ವನ ಎದುರಿಗೇ ಕಿರುಚಿದ. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು.

ಮರುದಿನ ಫಕೀರವ್ವ ಒಬ್ಬಳೇ ಬಂದು ದಾನೇಶ್ವರಿಯ ಕೈಗೊಂದು ಚೀಟಿ ಕೊಟ್ಟಳು. "ನಾ ಕೊಟ್ಟೇನಿ ಅಂತ ಅವರಿಗೆ ಹೇಳಬ್ಯಾಡ್ರಿ ಬಾಯಾರ," ಎಂದಳು. ಖಾನಾಪುರದ ಆಸ್ಪತ್ರೆಯ ಚೀಟಿ. ನವೆಂಬರ್ 13ರಿಂದ 16ರವರೆಗೆ ಹಣಮಪ್ಪ ಕಾಲಿಗೆ ಎಂಟು ಹೊಲಿಗೆ ಹಾಕಿಸಿಕೊಂಡು ಅಲ್ಲಿ ಒಳರೋಗಿಯಾಗಿದ್ದ. ದಾನೇಶ್ವರಿ ಆಸ್ಪತ್ರೆಗೆ ಹೋಗಿ ರಿಜಿಸ್ಟರ್ ತಾಳೆ ನೋಡಿ ಬಂದಳು. ಚೀಟಿ ಖರೇ ಇತ್ತು.

ಶಶಿಧರ ಅದನ್ನು ಎರಡು ಸಲ ಓದಿದ. ಫಕೀರವ್ವನ ಎದುರಿಗೆ ಕಿರುಚಿದ್ದು ನೆನಪಾಯಿತು.

7ರಂದು ಕಾರವಾರದಲ್ಲಿ, ದಡಕ್ಕೆಳೆದಿಟ್ಟ ದೋಣಿಯಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಡೀಸೆಲ್ ಟ್ಯಾಂಕನ್ನು ಬರಿದು ಮಾಡಿಸಿ, ಐದು ಲೀಟರಿನ ಅಳತೆ ಪಾತ್ರೆಯಿಂದ ಮೂರು ಸಲ ನೀರು ಸುರಿದು ಪಟ್ಟಿ ಇಳಿಸಿದರು. ಒಳಗಿದ್ದುದು ಹದಿನೈದು ಲೀಟರ್. ಪಟ್ಟಿ ಒದ್ದೆಯಾಗಿದ್ದುದು ಮೂವತ್ತರ ಗೆರೆಯವರೆಗೆ.

ದಾನೇಶ್ವರಿ ಬಾಜೂ ಇದ್ದ ನೀರಿನ ಟ್ಯಾಂಕಿನ ಪಟ್ಟಿಯನ್ನೂ ತೆಗೆದು ಎರಡನ್ನೂ ಜೊತೆಗಿಟ್ಟಳು.

"ಸರ್, ದೋಣಿ ತಳದಂಗ ಟ್ಯಾಂಕೂ ಕೆಳಗ ಸಣ್ಣ, ಮ್ಯಾಲ ಅಗಲ, ಲಾಳಿಕಿ ಇದ್ದಂಗ. ನೀರು ಸುರಿದು ಗೆರಿ ಹಾಕಿದ್ರ ಮ್ಯಾಲ್ಮ್ಯಾಲ ಹತ್ರ ಹತ್ರ ಬರಬೇಕು. ನೀರಿನ ಪಟ್ಟಿ ನೋಡ್ರಿ, ಹಂಗ ಅದಾವು. ಡೀಸೆಲ್ಲಿಂದು ನೋಡ್ರಿ, ಎಲ್ಲಾ ಸಮ. ನೀರು ಸುರದೇ ಇಲ್ಲ. ಕೈವಾರ ಹಿಡಿದು ಅಳದು ಕೆತ್ಯಾರ."

ನೀರಿನ ಪಟ್ಟಿ ಆಗಸ್ಟಿನದು. ಆಗ ಹಣಮಪ್ಪ ಕೆಲಸದಲ್ಲಿದ್ದ. ವರ್ಕ್‌ಶಾಪಿನಲ್ಲಿ ದುಡಿಯುತ್ತಿದ್ದವರು ಅವನೂ ಮಾಲೀಕರೂ ಇಬ್ಬರೇ; ಡೀಸೆಲ್ ಪಟ್ಟಿಯ ದಿನ ಅಲ್ಲಿ ಇದ್ದವರು ಗುರುಪುತ್ರಪ್ಪ ಒಬ್ಬರೇ.

10ನೇ ತಾರೀಖು, ಮಧ್ಯಾಹ್ನ 3.00. ಶಶಿಧರ ವರ್ಕ್‌ಶಾಪಿಗೆ ಹೋಗಿ ನೋಟಿಸನ್ನು ಗುರುಪುತ್ರಪ್ಪನವರ ಕೈಗೆ ಕೊಟ್ಟ.

"ಓದ್ರಿ."

"ಚಸ್ಮಾ ಮನ್ಯಾಗ ಉಳದೈತಿ. ನೀವ ಹೇಳ್ರಿ, ಸಹಿ ಮಾಡ್ತೀನಿ." ಹೆಬ್ಬೆರಳಿನಿಂದ ಕಾಗದದ ಅಂಚು ಸವರುತ್ತ ಸಹಿ ಹಾಕಿದರು. ಸಹಿ ಗೆರೆ ಬಿಟ್ಟು ಅಚ್ಚಿನ ಅಕ್ಷರಗಳ ಮೇಲೆ ಹಾಯ್ದಿತು.

ಈ ಸಲ ಶಶಿಧರ ನೋಡಿದ. ಎರಡೂ ಪಟ್ಟಿಗಳನ್ನು ಅವರ ಮುಂದಿಟ್ಟು ಕೇಳಿದ: "ಇದರಾಗ ನೀರಿಂದು ಯಾವುದು?"

ಗುರುಪುತ್ರಪ್ಪನವರ ಕೈ ಮೇಜಿನ ಮೇಲೆ ತಡಕಾಡಿ ಪಟ್ಟಿಯನ್ನು ಮುಟ್ಟಿತು. ಹೆಬ್ಬೆರಳು ಗೆರೆಯಿಂದ ಗೆರೆಗೆ ಸರಿದು, ನಡುವೆ ನಿಂತಿತು.

"ಎಷ್ಟು ದಿನ ಆತ್ರಿ ಕಣ್ಣು ಹೋಗಿ?"

ಗುರುಪುತ್ರಪ್ಪ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದರು. "ಎರಡು ವರ್ಷ. ಮನ್ಯಾಗೂ ಹೇಳಿಲ್ರಿ. ಗೊತ್ತಿದ್ದಾಂವ ಹಣಮಪ್ಪ ಒಬ್ಬನ. ನಾನ ನೀರು ಸುರೀತಿದ್ದೆ, ಅಂವ ಗೆರಿ ಹೇಳ್ತಿದ್ದ. ಒಂದ ದಿನ ಬಾಯಿ ಬಿಡಲಿಲ್ಲ. ಆ ದಿನ ಅಂವ ದವಾಖಾನ್ಯಾಗಿದ್ದ. ಮಾರ್ತಾಂಡ ಅವರು ಗಾಡಿ ತಂದು ಹೊರಗ ನಿಂತಿದ್ರು."

"ಅವನ ಹೆಸರಿಲೆ ಸಹಿ?"

"ನಾನ."

ಸುಳ್ಳು ದಾಖಲೆಯ ಕಲಮನ್ನೂ ಸೇರಿಸಿ 4.10ಕ್ಕೆ ಬಂಧನ ಜ್ಞಾಪನ ಬರೆದರು. ದಾನೇಶ್ವರಿ ರಟ್ಟೆ ಹಿಡಿಯಲು ಹೋದಾಗ ಅವರು ಕೈ ಹಿಂದಕ್ಕೆಳೆದುಕೊಂಡರು. "ಬಾಜೂದವರು ನೋಡತಾರವ್ವ. ನಾನ ನಡೀತೀನಿ." ಮೂವತ್ತೈದು ವರ್ಷ ಓಡಾಡಿದ ನೆಲ, ಜೀಪಿನವರೆಗೆ ಎಡವದೆ ನಡೆದರು.

ಠಾಣೆಯಲ್ಲಿ ಮುಕ್ತಾ ಕಾದಿದ್ದಳು. ಎದುರಿಗೇ ನಿಂತರೂ ಗುರುಪುತ್ರಪ್ಪನವರಿಗೆ ತಿಳಿಯಲಿಲ್ಲ.

"ಯಾರ್ರಿ ಅದು?"

"ಮಾರ್ತಾಂಡ ಅವರ ಮಗಳು."

ಎದ್ದು ಕೈಮುಗಿದರು, ಅವಳಿದ್ದ ದಿಕ್ಕಿಗಿಂತ ತುಸು ಪಕ್ಕಕ್ಕೆ.

"ಮೂವತ್ತು ಅಂದಾಕಿ ನಾನ ಕಾಕಾ," ಎಂದಳು ಮುಕ್ತಾ. "ನಾನ ತಪ್ಪು ನೋಡಿದ್ನೇನೋ ಅಂತ ಇವತ್ತಿನ ತನಕ..."

"ನೀನು ಸರೀನ ಓದಿದ್ದಿ, ತಂಗಿ. ನಾನ ಸುಳ್ಳು ಬರದಿದ್ದೆ."

ಅವಳು ಬೆಂಚಿನ ಮೇಲೆ ಕುಳಿತು, ಇಪ್ಪತ್ತೆರಡು ದಿನ ತಡೆದುಕೊಂಡಿದ್ದವಳಂತೆ ಅತ್ತಳು.

ಹೇಳಿಕೆಯ ಕೊನೆಗೆ ಶಶಿಧರ ಇನ್ನೊಂದು ಪ್ರಶ್ನೆ ಕೇಳಿದ. ಬೇರೆ ಯಾರನ್ನಾದರೂ ಕರೆಯಬಹುದಿತ್ತಲ್ಲ?

"ಬಾಜೂ ಅಂಗಡ್ಯಾಗ ನಾಕು ಮಂದಿ ಇದ್ರು," ಎಂದರು ಗುರುಪುತ್ರಪ್ಪ. "ಒಂದು ಹಾಕು ಹೊಡದ್ರ ಬರ್ತಿದ್ರು. ಗೆರಿ ಕಾಣವಲ್ದು, ನೋಡಿ ಹೇಳ್ರೆಪ್ಪಾ ಅನಬೇಕಾಗಿತ್ತು. ಆ ಮಾತು ಬಾಯಾಗಿಂದ ಹೊರಗ ಬರಲೇ ಇಲ್ರಿ."

ಶಶಿಧರ ಆ ಮಾತನ್ನು ಇದ್ದಂತೆಯೇ ಬರೆದುಕೊಂಡ. ನಾಲ್ಕು ದಿನದಿಂದ ಅವನ ಬಾಯಿಂದಲೂ ಒಂದು ಮಾತು ಹೊರಬಂದಿರಲಿಲ್ಲ. ಹೊರಗೆ ಹಣಮಪ್ಪ ಸಾಕ್ಷಿ ಹೇಳಿಕೆ ಕೊಡಲು ಬಂದು ನಿಂತಿದ್ದ. ಶಶಿಧರ ಪೆನ್ನು ಕೆಳಗಿಟ್ಟು ಎದ್ದು ಹೋದ.

"ಹಣಮಪ್ಪನವರ, ಅವತ್ತು ನನ್ನಿಂದ ತಪ್ಪಾತ್ರಿ."

ಹಣಮಪ್ಪ ಅವನನ್ನು ನೇರವಾಗಿ ನೋಡಿದ.

"ನನಗ ಹೇಳೂದು ಇರ್ಲಿ ಸಾಹೇಬ್ರ. ಬೈದಿದ್ದು ನಮ್ಮ ಮನಿಯಾಕಿ ಮುಂದ. ಆಕಿ ಮುಂದ ಹೇಳ್ರಿ."

ಶಶಿಧರ ತಲೆ ತಗ್ಗಿಸಿದ. ಆಮೇಲೆ ಡ್ರೈವರನನ್ನು ಕರೆದು, ಜೀಪನ್ನು ನಂದಗಡಕ್ಕೆ ತೆಗೆಯಲು ಹೇಳಿದ.